ಗಡಿ ದಾಟುವ ಹಣ, ಗಡಿ ದಾಟದ ಹೊಣೆ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಮೊದಲ ಐದು ಅಣುವ್ರತಗಳನ್ನು ಎಲ್ಲರೂ ಬಲ್ಲರು. ಅವುಗಳ ನಂತರ ಬರುವ ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತದ ಕಡೆಗೆ ಮಾತ್ರ ಈಚೆಗೆ ಗಮನ ಕಡಿಮೆಯಾಗಿದೆ. ನದಿ, ಬೆಟ್ಟ, ಕಾಡು, ಸಮುದ್ರ, ಪ್ರಸಿದ್ಧವಾದ ನಾಡು ಇವುಗಳನ್ನು ಗುರುತಾಗಿಟ್ಟುಕೊಂಡು, ಇಂಥ ದಿಕ್ಕಿನಲ್ಲಿ ಇಷ್ಟು ದೂರವನ್ನು ಮೀರಿ ಹೋಗುವುದಿಲ್ಲ, ಅಲ್ಲಿ ವ್ಯವಹಾರ ಮಾಡುವುದಿಲ್ಲ ಎಂದು ಗೃಹಸ್ಥನು ತನಗೆ ತಾನೇ ಮೇರೆ ಹಾಕಿಕೊಳ್ಳುವ ವ್ರತ ಇದು. ವಿಮಾನವೂ ತಂತಿಯಿಲ್ಲದ ಸಂದೇಶವೂ ಇರುವ ಕಾಲದಲ್ಲಿ ಇದು ಹಳೆಯ ವರ್ತಕರ ಕಾಲದ ಒಂದು ಎಚ್ಚರಿಕೆಯಷ್ಟೇ ಎಂದು ತೋರುವುದು ಸಹಜ. ಆದರೆ ಒಂದು ದೇಶದಲ್ಲಿ ಹುಟ್ಟಿ, ಮತ್ತೊಂದರಲ್ಲಿ ಠೇವಣಿ ಸಂಗ್ರಹಿಸಿ, ಮೂರನೆಯದರಲ್ಲಿ ಸಾಲ ಕೊಟ್ಟು, ನಾಲ್ಕನೆಯದರಲ್ಲಿ ಲೆಕ್ಕ ಬರೆಯುವ ಬ್ಯಾಂಕುಗಳನ್ನು ಯಾರು ಅಂಕೆಯಲ್ಲಿಡಬೇಕು ಎಂಬ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡಾಗ ಈ ವ್ರತದ ತರ್ಕವು ಅನಿರೀಕ್ಷಿತವಾದ ಬೆಳಕನ್ನು ಚೆಲ್ಲುತ್ತದೆ.

ಈ ಪ್ರಶ್ನೆ ಕೊಡ್ಲಿ, ಸೇಡಂ, ಚಿತ್ತಾಪುರಗಳ ಸೀಮೆಗೆ ದೂರದ್ದೆಂದು ಭಾವಿಸಬೇಕಾಗಿಲ್ಲ. ಕಾಗಿಣಾ ನದಿಯ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ ಅರಬ್ ವರ್ತಕರು ಈ ಅರಸರನ್ನು ಜಗತ್ತಿನ ಮಹಾರಾಜರ ಸಾಲಿನಲ್ಲಿಟ್ಟು ಹೊಗಳಿದ್ದರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಅಸಲು, ಅವಧಿ, ಬಡ್ಡಿ ಇವುಗಳನ್ನು ಒಂದರಿಂದ ಇನ್ನೊಂದನ್ನು ಕಂಡುಹಿಡಿಯುವ ಲೆಕ್ಕಗಳು ಬಗೆಬಗೆಯಾಗಿ ಬರುತ್ತವೆ. ಬಡ್ಡಿಯ ವ್ಯವಹಾರವನ್ನು ಜೈನ ಪಂಡಿತನೊಬ್ಬನು ಹೇಸಿಗೆಯೆಂದು ದೂರವಿಡದೆ ಗಣಿತದ ಶುದ್ಧಿಗೆ ಒಳಪಡಿಸಿದ್ದು ಗಮನಾರ್ಹ. ಇನ್ನು ಹತ್ತಿರದ ಕಾಲಕ್ಕೆ ಬಂದರೆ, 1956ರ ನವೆಂಬರ್ 1ರವರೆಗೆ ಈ ತಾಲ್ಲೂಕುಗಳೆಲ್ಲ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ರಾಜ್ಯಕ್ಕೆ ತನ್ನದೇ ನಾಣ್ಯವಿತ್ತು, ಹಾಲಿ ಸಿಕ್ಕಾ. 1941ರಲ್ಲಿ ಸ್ಥಾಪಿತವಾದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಆ ನಾಣ್ಯವನ್ನು ನೋಡಿಕೊಳ್ಳುತ್ತಿತ್ತು. ನಿಜಾಮರ ರೈಲುಮಾರ್ಗವು ಬ್ರಿಟಿಷ್ ಭಾರತದ ಮಾರ್ಗದಿಂದ ಕವಲೊಡೆಯುತ್ತಿದ್ದುದು ವಾಡಿಯಲ್ಲಿ. ತೊಗರಿಯನ್ನು ಸೊಲ್ಲಾಪುರಕ್ಕೆ ಮಾರಿದ ವರ್ತಕನು ಊರಿಗೆ ಮರಳುವ ಮುನ್ನ ಒಂದು ರೂಪಾಯಿಯನ್ನು ಇನ್ನೊಂದು ರೂಪಾಯಿಗೆ ಬದಲಿಸಿಕೊಳ್ಳಬೇಕಾಗಿತ್ತು. ಹಣಕ್ಕೆ ಗಡಿಯಿದೆ ಎಂಬುದು ಇಲ್ಲಿಯ ಹಿರಿಯರಿಗೆ ಪುಸ್ತಕದ ಜ್ಞಾನವಾಗಿರಲಿಲ್ಲ.

ಆ ರಾಜ್ಯ ಅಳಿಯುವ ಹೊತ್ತಿನಲ್ಲಿ ನಡೆದ ಒಂದು ವರ್ಗಾವಣೆ ಈ ವಿಷಯಕ್ಕೆ ಅತ್ಯುತ್ತಮವಾದ ಉದಾಹರಣೆ. 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಹೈದರಾಬಾದನ್ನು ಪ್ರವೇಶಿಸಿತ್ತು. 17ರಂದು ನಿಜಾಮರು ಶರಣಾದರು. ಅದೇ ದಿನಗಳಲ್ಲಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿ ಹೈದರಾಬಾದ್ ಸರ್ಕಾರದ ಖಾತೆಯಲ್ಲಿದ್ದ 10,07,940 ಪೌಂಡ್ 9 ಷಿಲಿಂಗುಗಳನ್ನು, ಬ್ರಿಟನ್ನಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಹಬೀಬ್ ಇಬ್ರಾಹಿಂ ರಹಿಮತುಲ್ಲಾ ಅವರ ಹೆಸರಿನ ಖಾತೆಗೆ ನಿಜಾಮರ ಮಂತ್ರಿ ಮೊಯಿನ್ ನವಾಜ್ ಜಂಗ್ ವರ್ಗಾಯಿಸಿದರು. ಕೆಲವೇ ದಿನಗಳಲ್ಲಿ ನಿಜಾಮರು, ಇದು ತಮ್ಮ ಒಪ್ಪಿಗೆಯಿಲ್ಲದೆ ನಡೆದದ್ದು, ಹಣವನ್ನು ಹಿಂದಿರುಗಿಸಿರಿ ಎಂದು ಬ್ಯಾಂಕನ್ನು ಕೇಳಿದರು. ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಸಮ್ಮತಿಯಿಲ್ಲದೆ ಹಣ ಕೊಡಲಾಗದೆಂದು ಬ್ಯಾಂಕು ಉತ್ತರಿಸಿತು. ವ್ಯಾಜ್ಯ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾದ ಲಾರ್ಡ್ಸ್ ಸಭೆಯವರೆಗೆ ಹೋಯಿತು. 1957ರಲ್ಲಿ ಆ ಪೀಠ, ಪಾಕಿಸ್ತಾನವು ಸಾರ್ವಭೌಮ ರಾಷ್ಟ್ರವಾದುದರಿಂದ ಅದನ್ನು ಬ್ರಿಟನ್ನಿನ ನ್ಯಾಯಾಲಯಕ್ಕೆ ಬಲವಂತವಾಗಿ ಎಳೆಯಲಾಗದು ಎಂದು ತೀರ್ಮಾನಿಸಿತು. ಹಣ ಅಲ್ಲಿಯೇ ಉಳಿಯಿತು. ನಿಜಾಮರು 1967ರಲ್ಲಿ ತೀರಿಕೊಂಡರು. ಬ್ಯಾಂಕಿನ ಹೆಸರೂ ಬದಲಾಯಿತು. 2013ರಲ್ಲಿ ಪಾಕಿಸ್ತಾನವೇ ಹಣಕ್ಕಾಗಿ ದಾವೆ ಹೂಡಿ ತನ್ನ ರಕ್ಷಾಕವಚವನ್ನು ತಾನೇ ಕಳಚಿಕೊಂಡ ಮೇಲೆ ವಿಚಾರಣೆಗೆ ದಾರಿ ತೆರೆಯಿತು. 2019ರ ಅಕ್ಟೋಬರ್ 2ರಂದು ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ಅವರು, ಆ ಹಣದ ಮೇಲೆ ಪಾಕಿಸ್ತಾನಕ್ಕೆ ಹಕ್ಕಿಲ್ಲವೆಂದೂ ನಿಜಾಮರ ವಾರಸುದಾರರು ಮತ್ತು ಭಾರತ ಅದಕ್ಕೆ ಬಾಧ್ಯರೆಂದೂ ತೀರ್ಪಿತ್ತರು. ಅಷ್ಟರಲ್ಲಿ ಅದು ಸುಮಾರು 3.5 ಕೋಟಿ ಪೌಂಡುಗಳಾಗಿತ್ತು.

ಎಪ್ಪತ್ತೊಂದು ವರ್ಷ. ಈ ಅವಧಿಯುದ್ದಕ್ಕೂ ಬ್ಯಾಂಕು ಯಾವ ಕಾನೂನನ್ನೂ ಮುರಿಯಲಿಲ್ಲ. ಅದು ಹಣವನ್ನು ಕದಿಯಲಿಲ್ಲ, ಕಳೆಯಲಿಲ್ಲ, ಬಡ್ಡಿಯೊಡನೆ ಕಾಪಾಡಿತು. ಆದರೂ ಒಂದು ಸರ್ಕಾರದ ಬೊಕ್ಕಸದ ಹಣ, ಎಂದರೆ ಮೂಲತಃ ತೆರಿಗೆಯ, ಕಂದಾಯದ ಹಣ, ಅದನ್ನು ತೆತ್ತ ಪೀಳಿಗೆಯ ಜನ ಕಣ್ಮುಚ್ಚುವವರೆಗೂ ಯಾರಿಗೂ ಸಲ್ಲದೆ ಬಿದ್ದಿತ್ತು. ಆ ರಾಜ್ಯದ ರೈತರಲ್ಲಿ ಚಿಂಚೋಳಿ, ಚಿತ್ತಾಪುರದವರೂ ಸೇರಿದ್ದರು; ಲಂಡನ್ನಿನ ನ್ಯಾಯಾಲಯದಲ್ಲಿ ಅವರ ಹೆಸರನ್ನು ಯಾರೂ ಎತ್ತಲಿಲ್ಲ, ಎತ್ತುವ ಅವಕಾಶವೂ ಕಾನೂನಿನಲ್ಲಿರಲಿಲ್ಲ. ಹಣ ಗಡಿ ದಾಟಲು ಒಂದು ಸಹಿ ಸಾಕಾಯಿತು. ಅದರ ಬಗ್ಗೆ ಉತ್ತರ ಹೇಳುವ ಹೊಣೆ ಗಡಿ ದಾಟಲು ಏಳು ದಶಕ ಬೇಕಾಯಿತು. ಗಡಿಯಾಚೆಯ ಬ್ಯಾಂಕಿಂಗ್‌ನ ನೈತಿಕ ಸಮಸ್ಯೆ ಇರುವುದು ಈ ಅಂತರದಲ್ಲಿ.

ರಾಷ್ಟ್ರಗಳು ಈ ಅಂತರವನ್ನು ಗುರುತಿಸಿದ್ದು ಪೆಟ್ಟು ತಿಂದ ಮೇಲೆಯೇ. 1974ರ ಜೂನ್ 26ರಂದು ಜರ್ಮನಿಯ ಕೊಲೋನ್ ನಗರದ ಹೆರ್ಸ್ಟಾಟ್ ಬ್ಯಾಂಕನ್ನು ಅಲ್ಲಿಯ ಅಧಿಕಾರಿಗಳು ಸಂಜೆ ಮುಚ್ಚಿಸಿದರು. ಅದಕ್ಕೆ ಮಾರ್ಕುಗಳನ್ನು ಕೊಟ್ಟು ನ್ಯೂಯಾರ್ಕಿನಲ್ಲಿ ಡಾಲರಿಗಾಗಿ ಕಾದಿದ್ದ ಬ್ಯಾಂಕುಗಳಿಗೆ ಆಗಿನ್ನೂ ಬೆಳಗಿನ ಹೊತ್ತು. ಡಾಲರು ಬರಲೇ ಇಲ್ಲ. ಆ ವರ್ಷದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹತ್ತು ಶ್ರೀಮಂತ ರಾಷ್ಟ್ರಗಳ ಕೂಟದ ಕೇಂದ್ರ ಬ್ಯಾಂಕುಗಳು ಒಂದು ಸಮಿತಿಯನ್ನು ರಚಿಸಿದವು. 1975ರಲ್ಲಿ ಅದು ಮಾಡಿಕೊಂಡ ಒಡಂಬಡಿಕೆಯ ಸಾರ ಸರಳ: ಯಾವ ವಿದೇಶೀ ಶಾಖೆಯೂ ಮೇಲ್ವಿಚಾರಣೆಯಿಂದ ತಪ್ಪಿಸಿಕೊಳ್ಳಬಾರದು, ತವರು ದೇಶವೂ ಆತಿಥೇಯ ದೇಶವೂ ಹೊಣೆ ಹಂಚಿಕೊಳ್ಳಬೇಕು. ಆದರೆ ಹಂಚಿಕೊಂಡ ಹೊಣೆ ಅನೇಕ ವೇಳೆ ಯಾರದೂ ಅಲ್ಲದ ಹೊಣೆಯಾಗುತ್ತದೆ. 1982ರಲ್ಲಿ ಇಟಲಿಯ ಬ್ಯಾಂಕೊ ಅಂಬ್ರೋಸಿಯಾನೊ ಕುಸಿದಾಗ ಅದರ ಲಕ್ಸೆಂಬರ್ಗಿನ ಅಂಗಸಂಸ್ಥೆಯ ಸಾಲಕ್ಕೆ ತಾನು ಬಾಧ್ಯನಲ್ಲವೆಂದು ಇಟಲಿ ಹೇಳಿತು. ಅದು ಬ್ಯಾಂಕೇ ಅಲ್ಲ, ಬರೀ ಹಿಡುವಳಿ ಕಂಪನಿ ಎಂದು ಲಕ್ಸೆಂಬರ್ಗ್ ಹೇಳಿತು. ಇಬ್ಬರೂ ತಮ್ಮ ತಮ್ಮ ಕಾನೂನಿನ ಮಟ್ಟಿಗೆ ಸರಿಯೇ ಆಗಿದ್ದರು.

ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್ ಈ ಬಿರುಕನ್ನೇ ಮನೆ ಮಾಡಿಕೊಂಡಿತು. 1972ರಲ್ಲಿ ಆಘಾ ಹಸನ್ ಅಬೇದಿ ಕಟ್ಟಿದ ಈ ಬ್ಯಾಂಕು ತನ್ನ ಒಂದು ಕಾಲನ್ನು ಲಕ್ಸೆಂಬರ್ಗಿನಲ್ಲಿಯೂ ಇನ್ನೊಂದನ್ನು ಕೇಮನ್ ದ್ವೀಪದಲ್ಲಿಯೂ ಇಟ್ಟು, ಆಡಳಿತವನ್ನು ಲಂಡನ್ನಿನಿಂದ ನಡೆಸಿತು. 1987ರವರೆಗೆ ಎರಡು ಭಾಗಗಳ ಲೆಕ್ಕವನ್ನು ಇಬ್ಬರು ಬೇರೆ ಬೇರೆ ಲೆಕ್ಕಪರಿಶೋಧಕರು ನೋಡುತ್ತಿದ್ದರು. ಇಡೀ ಆನೆಯನ್ನು ಕಂಡವರು ಯಾರೂ ಇರಲಿಲ್ಲ. 1991ರ ಜುಲೈ 5ರಂದು ಹಲವು ದೇಶಗಳ ಅಧಿಕಾರಿಗಳು ಒಮ್ಮೆಗೇ ಅದನ್ನು ಮುಚ್ಚಿಸಿದಾಗ ಬೀದಿಗೆ ಬಿದ್ದವರಲ್ಲಿ ಬ್ರಿಟನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾದ ಸಣ್ಣ ಅಂಗಡಿಕಾರರು ಬಹಳವಿದ್ದರು. ತಮ್ಮವರ ಬ್ಯಾಂಕೆಂದು ನಂಬಿದ್ದರು ಅವರು. ಮುಂಬಯಿಯ ಶಾಖೆಯ ವ್ಯವಹಾರವನ್ನು ಮುಂದೆ ಭಾರತೀಯ ಸ್ಟೇಟ್ ಬ್ಯಾಂಕು ವಹಿಸಿಕೊಂಡಿತು.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಯು ಅಚೌರ್ಯವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತಾನೆ. ಕಳ್ಳನನ್ನು ಪ್ರೇರಿಸುವುದು, ಕದ್ದ ವಸ್ತುವನ್ನು ಸ್ವೀಕರಿಸುವುದು, ವಿರುದ್ಧರಾಜ್ಯಾತಿಕ್ರಮ, ತೂಕ ಅಳತೆಗಳಲ್ಲಿ ಮೋಸ, ನಕಲಿ ವಸ್ತುವಿನ ವ್ಯವಹಾರ ಇವೇ ಆ ಐದು. ಮೂರನೆಯದು ವಿಶೇಷವಾಗಿ ವಿಚಾರಾರ್ಹ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಕೊಡುವ ವಿವರಣೆಯ ಭಾವ ಹೀಗಿದೆ: ರಾಜ್ಯದ ವ್ಯವಸ್ಥೆ ಕೆಟ್ಟಿರುವಲ್ಲಿಗೆ ಹೋಗಿ, ಅಲ್ಲಿ ಬೆಲೆಬಾಳುವ ವಸ್ತುಗಳು ಅಗ್ಗಕ್ಕೆ ದೊರೆಯುತ್ತವೆಂದು ನ್ಯಾಯವಲ್ಲದ ರೀತಿಯಲ್ಲಿ ಪಡೆಯಲೆತ್ನಿಸುವುದು. ಅಲ್ಲಿ ಕಾವಲುಗಾರನಿಲ್ಲ, ಆದ್ದರಿಂದ ಕಳವು ಎಂದು ಕರೆಯುವವರೂ ಇಲ್ಲ. ಆದರೂ ವ್ರತಕ್ಕೆ ದೋಷ ತಗಲುತ್ತದೆ. ಕಾನೂನು ಬಿಗಿಯಾದ ದೇಶದಿಂದ ಸಡಿಲವಾದ ದೇಶಕ್ಕೆ ಲೆಕ್ಕದ ಪುಸ್ತಕವನ್ನು ಸಾಗಿಸಿ ಲಾಭ ಮಾಡಿಕೊಳ್ಳುವುದನ್ನು ಇಂದಿನ ಬ್ಯಾಂಕರುಗಳು ಜಾಣತನವೆನ್ನುತ್ತಾರೆ. ಪ್ರಾಚೀನ ಆಚಾರ್ಯರು ಅದನ್ನು ಕದ್ದ ಮಾಲು ಕೊಳ್ಳುವುದರ ಮಗ್ಗುಲಲ್ಲಿಯೇ ಇಟ್ಟರು.

ಹೊರಗಿನವರ ತಪ್ಪನ್ನು ಎಣಿಸುವುದು ಸುಲಭ. ಕನ್ನಡಿಗರದೇ ಒಂದು ಬ್ಯಾಂಕಿನ ಪ್ರಸಂಗ ಇಲ್ಲಿ ಹೇಳಲೇಬೇಕಾದದ್ದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಕೆನರಾ ಬ್ಯಾಂಕ್ ಕಾಲಕ್ರಮದಲ್ಲಿ ಲಂಡನ್ನಿಗೂ ಹೋಯಿತು. ಬ್ರಿಟನ್ನಿನ ಹಣಕಾಸು ನಿಯಂತ್ರಣ ಪ್ರಾಧಿಕಾರವು 2012–13ರಲ್ಲಿ ಆ ಶಾಖೆಗಳನ್ನು ಪರಿಶೀಲಿಸಿದಾಗ, ಅಕ್ರಮ ಹಣ ಒಳನುಸುಳದಂತೆ ತಡೆಯುವ ಏರ್ಪಾಡುಗಳಲ್ಲಿ ಗಂಭೀರವಾದ ಕೊರತೆಗಳನ್ನು ಕಂಡಿತು. ಸರಿಪಡಿಸುವುದಾಗಿ ಬ್ಯಾಂಕು ಭರವಸೆ ನೀಡಿತು. 2015ರಲ್ಲಿ ಪ್ರಾಧಿಕಾರದವರು ಮತ್ತೆ ಬಂದು ನೋಡಿದಾಗ ಕೊರತೆಗಳು ಹಾಗೆಯೇ ಇದ್ದವು. 2018ರ ಜೂನ್‌ನಲ್ಲಿ 8,96,100 ಪೌಂಡುಗಳ ದಂಡ ವಿಧಿಸಿ, 147 ದಿನ ಹೊಸ ಗ್ರಾಹಕರಿಂದ ಠೇವಣಿ ಪಡೆಯದಂತೆ ನಿರ್ಬಂಧಿಸಿತು. ಬ್ಯಾಂಕು ತಕರಾರಿಲ್ಲದೆ ಬೇಗನೆ ಒಪ್ಪಿಕೊಂಡದ್ದರಿಂದ ನೂರಕ್ಕೆ ಮೂವತ್ತರಷ್ಟು ರಿಯಾಯಿತಿ ದೊರೆತಿತ್ತು. ಇಲ್ಲವಾದರೆ ದಂಡ 12 ಲಕ್ಷ ಪೌಂಡುಗಳನ್ನು ಮೀರುತ್ತಿತ್ತು.

ಯಾರೋ ಹಣ ದೋಚಿದರೆಂಬ ಆಪಾದನೆ ಇದಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಇದು ಎಚ್ಚರಗೇಡಿತನದ ಪ್ರಸಂಗ. ದಿಗ್ವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಸ್ಮೃತ್ಯಂತರಾಧಾನ, ಎಂದರೆ ಹಾಕಿಕೊಂಡ ಮೇರೆಯನ್ನು ಮರೆತುಬಿಡುವುದು. ಮರೆವನ್ನು ದೋಷವೆಂದು ಎಣಿಸಿದ ನೀತಿಶಾಸ್ತ್ರಗಳು ವಿರಳ. ಸಾಮಾನ್ಯವಾಗಿ ಮರೆವು ಕ್ಷಮೆಗೆ ಕಾರಣವಾಗುತ್ತದೆ. ಆದರೆ ಮನೆಯಿಂದ ದೂರ ಹೋದಂತೆಲ್ಲ ನೆನಪು ಸಡಿಲವಾಗುತ್ತದೆ ಎಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು. ಬೆಂಗಳೂರಿನ ಮುಖ್ಯ ಕಚೇರಿಗೆ ಲಂಡನ್ನಿನ ಒಂದು ಪುಟ್ಟ ಶಾಖೆ ಎಷ್ಟರದು? ಅಲ್ಲಿಂದ ಬಂದ ಎಚ್ಚರಿಕೆಯ ಪತ್ರ ಎಷ್ಟು ಮೇಜುಗಳ ಮೇಲೆ ಎಷ್ಟು ದಿನ ಕುಳಿತೀತು? ಆದರೆ ಆ ಮೇಜುಗಳಿಂದ ಹೊರಟ ದಾರಿ ಹಳ್ಳಿಗೂ ಬರುತ್ತದೆ. ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಕೆಲಸ ಮಾಡುವ ಗ್ರಾಮೀಣ ಬ್ಯಾಂಕಿಗೆ ಪ್ರಾಯೋಜಕ ಬ್ಯಾಂಕು ಕೆನರಾ ಬ್ಯಾಂಕೇ. ಇಂಥ ಗ್ರಾಮೀಣ ಬ್ಯಾಂಕುಗಳ ಬಂಡವಾಳದಲ್ಲಿ ಪ್ರಾಯೋಜಕರ ಪಾಲು ನೂರಕ್ಕೆ ಮೂವತ್ತೈದು. ಲಂಡನ್ನಿನಲ್ಲಿ ತೆತ್ತ ದಂಡದಿಂದ ಕೊಡ್ಲಿಯ ತೊಗರಿ ಬೆಳೆಗಾರನ ಸಾಲಕ್ಕೆ ಕುಂದು ಬಂತೆಂದು ಹೇಳಿದರೆ ಅದು ಉತ್ಪ್ರೇಕ್ಷೆ. ಆದರೆ ಎರಡೂ ಒಂದೇ ಮರದ ಕೊಂಬೆಗಳೆಂಬುದು ಉತ್ಪ್ರೇಕ್ಷೆಯಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದಿದೆ. ಗಡಿಯಾಚೆಗೆ ಹೋದ ಬ್ಯಾಂಕು ಮುಳುಗಿದಾಗ ಉಳಿದ ಆಸ್ತಿ ಯಾರಿಗೆ ಮೊದಲು? ಭಾರತದ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ 11ನೆಯ ಕಲಮು ಇದಕ್ಕೆ ನೇರವಾದ ಉತ್ತರ ಕೊಡುತ್ತದೆ. ವಿದೇಶೀ ಬ್ಯಾಂಕು ರಿಸರ್ವ್ ಬ್ಯಾಂಕಿನಲ್ಲಿ ಇಟ್ಟ ಠೇವಣಿಯ ಮೇಲೆ, ಅದು ಇಲ್ಲಿ ವ್ಯವಹಾರ ನಿಲ್ಲಿಸಿದಾಗ, ಭಾರತದ ಸಾಲಿಗರಿಗೇ ಮೊದಲ ಹಕ್ಕು. ಬಡ ದೇಶವೊಂದು ತನ್ನ ಜನರನ್ನು ಕಾಯಲು ಕಟ್ಟಿದ ಬೇಲಿ ಇದು, ತಪ್ಪೆನ್ನಲಾಗದು. ಆದರೆ ಪ್ರತಿಯೊಂದು ದೇಶವೂ ಹೀಗೆಯೇ ಬೇಲಿ ಕಟ್ಟಿದರೆ, ಆಸ್ತಿ ಹೆಚ್ಚಾಗಿ ಉಳಿದ ದೇಶದ ಠೇವಣಿದಾರನಿಗೆ ಪೂರ್ಣ ಹಣ, ಬರಿದಾದ ದೇಶದವನಿಗೆ ಶೂನ್ಯ. ಇಬ್ಬರೂ ಅದೇ ಫಲಕವನ್ನು ನೋಡಿ, ಅದೇ ಮಾತನ್ನು ನಂಬಿ ಹಣ ಇಟ್ಟವರು. ಅಹಿಂಸೆಗೆ ಪಾಸ್‌ಪೋರ್ಟ್ ಉಂಟೆ?

ಐಸ್‌ಲೆಂಡಿನ ಪ್ರಸಂಗ ಇದೇ ಪ್ರಶ್ನೆಯ ಇನ್ನೊಂದು ಮುಖ. ಅಲ್ಲಿಯ ಲಾಂಡ್ಸ್‌ಬ್ಯಾಂಕಿ ಎಂಬ ಬ್ಯಾಂಕು 'ಐಸ್‌ಸೇವ್' ಎಂಬ ಹೆಸರಿನಲ್ಲಿ ಹೆಚ್ಚು ಬಡ್ಡಿಯ ಆಸೆ ತೋರಿಸಿ ಬ್ರಿಟನ್ ಮತ್ತು ನೆದರ್‌ಲೆಂಡಿನ ಲಕ್ಷಾಂತರ ಜನರಿಂದ ಠೇವಣಿ ಸಂಗ್ರಹಿಸಿ 2008ರ ಅಕ್ಟೋಬರ್‌ನಲ್ಲಿ ಕುಸಿಯಿತು. ಬ್ರಿಟನ್ ಸರ್ಕಾರ ಭಯೋತ್ಪಾದನೆಯ ವಿರುದ್ಧ ಮಾಡಿದ್ದ ಕಾಯಿದೆಯನ್ನು ಬಳಸಿ ಅದರ ಆಸ್ತಿಯನ್ನು ತಡೆಹಿಡಿಯಿತು. ತಮ್ಮ ಜನರಿಗೆ ತಾವು ಕೊಟ್ಟ ಪರಿಹಾರವನ್ನು ಐಸ್‌ಲೆಂಡಿನ ಖಜಾನೆ ತುಂಬಿಕೊಡಬೇಕೆಂದು ಆ ಎರಡು ದೇಶಗಳು ಪಟ್ಟುಹಿಡಿದವು. ಐಸ್‌ಲೆಂಡಿನ ಜನಸಂಖ್ಯೆ ಆಗ ಮೂರು ಲಕ್ಷದ ಆಸುಪಾಸು, ಒಂದು ದೊಡ್ಡ ತಾಲ್ಲೂಕಿನಷ್ಟು. ಬ್ಯಾಂಕಿನ ಒಡೆಯರ ಲೋಭಕ್ಕೆ ಮೀನುಗಾರನ ಮೊಮ್ಮಗ ಏಕೆ ತೆರಿಗೆ ಕಟ್ಟಬೇಕೆಂದು ಕೇಳಿದ ಆ ಜನ 2010ರಲ್ಲಿಯೂ 2011ರಲ್ಲಿಯೂ ಜನಮತಗಣನೆಯಲ್ಲಿ ಒಪ್ಪಂದವನ್ನು ತಿರಸ್ಕರಿಸಿದರು. 2013ರ ಜನವರಿಯಲ್ಲಿ ಯುರೋಪಿನ ಎಫ್ತಾ ನ್ಯಾಯಾಲಯವೂ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ವಿಚಿತ್ರವೆಂದರೆ, ಮುಳುಗಿದ ಬ್ಯಾಂಕಿನ ಆಸ್ತಿಯನ್ನು ತಾಳ್ಮೆಯಿಂದ ಮಾರಿದ ಮೇಲೆ 2016ರ ವೇಳೆಗೆ ಆ ಠೇವಣಿಯ ಬಾಕಿಯೆಲ್ಲ ತೀರಿತು. ಎಂಟು ವರ್ಷದ ದ್ವೇಷಕ್ಕೆ ಕಾರಣವಾದದ್ದು ಹಣದ ಅಭಾವಕ್ಕಿಂತ ಹೆಚ್ಚಾಗಿ ಹೊಣೆಯ ಅನಿಶ್ಚಿತತೆ.

ಇಲ್ಲಿ ದಿಗ್ವ್ರತದ ತರ್ಕವನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡಬೇಕು. ಅದು ಮಿತಿಗೊಳಿಸುವುದು ವ್ರತಿಯ ಚಟುವಟಿಕೆಯನ್ನು, ಅವನ ದಯೆಯನ್ನಲ್ಲ. ಸಮಂತಭದ್ರರು ರತ್ನಕರಂಡಕದಲ್ಲಿ ಹೇಳುವಂತೆ, ಮೇರೆಯ ಆಚೆಗೆ ಗೃಹಸ್ಥನ ಅಣುವ್ರತಗಳು ಮಹಾವ್ರತದ ಸ್ಥಿತಿಗೆ ಏರುತ್ತವೆ. ಏಕೆಂದರೆ ಅಲ್ಲಿ ಅವನು ಸೂಕ್ಷ್ಮವಾದ ಹಿಂಸೆಯನ್ನೂ ಮಾಡುವುದಿಲ್ಲ. ಕೈಗೆ ಮೇರೆ, ಕರುಣೆಗೆ ಮೇರೆಯಿಲ್ಲ. ಆಧುನಿಕ ಬ್ಯಾಂಕಿಂಗ್ ವ್ಯವಸ್ಥೆ ಇದನ್ನು ತಲೆಕೆಳಗು ಮಾಡಿದೆ. ಅಲ್ಲಿ ಕೈ ಎಷ್ಟು ದೂರ ಬೇಕಾದರೂ ಚಾಚಬಹುದು. ಹೊಣೆ ಮಾತ್ರ ಸೀಮಾರೇಖೆಯ ಬಳಿ ನಿಲ್ಲುತ್ತದೆ. ದಿಗ್ವ್ರತದ ಇನ್ನೊಂದು ಅತಿಚಾರವಾದ ಕ್ಷೇತ್ರವೃದ್ಧಿಯನ್ನು ಪೂಜ್ಯಪಾದರು ಲೋಭದ ಆವೇಶದಿಂದ ಮೇರೆಯನ್ನು ಹಿಗ್ಗಿಸುವ ಸಂಕಲ್ಪವೆಂದು ವಿವರಿಸಿದ್ದಾರೆ. ಬ್ಯಾಂಕೊಂದು ಯಾವ ದೇಶಕ್ಕೆ ಹೋಗಬಹುದೆಂಬುದನ್ನು ಅದರ ಲಾಭದ ಅಂದಾಜು ತೀರ್ಮಾನಿಸಬಾರದು, ಅಲ್ಲಿ ತಾನು ಎಷ್ಟರ ಮಟ್ಟಿಗೆ ಉತ್ತರವಾದಿಯಾಗಬಲ್ಲೆ ಎಂಬುದು ತೀರ್ಮಾನಿಸಬೇಕು ಎಂಬ ಅರ್ಥ ಇದರಿಂದ ಹೊರಡುತ್ತದೆ. ಬಾಸೆಲ್ ಸಮಿತಿ 1992ರಲ್ಲಿ ರೂಪಿಸಿದ ಕನಿಷ್ಠ ನಿಯಮಗಳು ಈ ದಿಕ್ಕಿನಲ್ಲಿಯೇ ಸಾಗಿದವು: ತವರು ದೇಶವು ಇಡೀ ಬ್ಯಾಂಕನ್ನು ಒಂದಾಗಿ ನೋಡಬೇಕು, ಹಾಗೆ ನೋಡಲಾಗದಿದ್ದರೆ ಆತಿಥೇಯ ದೇಶವು ಬಾಗಿಲು ಮುಚ್ಚಬಹುದು. ಭಾರತದ ರಿಸರ್ವ್ ಬ್ಯಾಂಕು 2013ರಲ್ಲಿ ಇನ್ನೊಂದು ದಾರಿಯನ್ನು ಪ್ರೋತ್ಸಾಹಿಸಿತು. ವಿದೇಶೀ ಬ್ಯಾಂಕುಗಳು ಶಾಖೆಯಾಗಿ ಉಳಿಯುವ ಬದಲು ಇಲ್ಲಿಯೇ ಬಂಡವಾಳ ಹೂಡಿ ಇಲ್ಲಿಯ ಕಾನೂನಿನ ಕಂಪನಿಯಾಗಲಿ ಎಂಬುದು ಅದರ ಆಶಯ. ಸಿಂಗಾಪುರದ ಡಿಬಿಎಸ್ ಬ್ಯಾಂಕು 2019ರಲ್ಲಿ ಹಾಗೆ ಮಾಡಿತು. ಬಹುತೇಕ ದೊಡ್ಡ ವಿದೇಶೀ ಬ್ಯಾಂಕುಗಳು ಮಾಡಲಿಲ್ಲ.

ಹಾಗಾದರೆ ಮೇರೆಯನ್ನು ಬಿಗಿ ಮಾಡಿದಷ್ಟೂ ಒಳಿತೆ? ಹಾಗೆನ್ನಲು ಬಾರದು. ಕಟ್ಟುನಿಟ್ಟು ಹೆಚ್ಚಿದಾಗ ದೊಡ್ಡ ಬ್ಯಾಂಕುಗಳು ತಮ್ಮನ್ನು ತಿದ್ದಿಕೊಳ್ಳುವ ಬದಲು ಸಣ್ಣ, ಬಡ ದೇಶಗಳೊಡನೆ ಸಂಬಂಧವನ್ನೇ ಕಡಿದುಕೊಳ್ಳುವುದುಂಟು. ಆಗ ಕೊಲ್ಲಿಯಿಂದಲೋ ಆಫ್ರಿಕದಿಂದಲೋ ಮನೆಗೆ ಹಣ ಕಳಿಸುವ ಕೂಲಿಕಾರನಿಗೆ ದುಬಾರಿಯಾದ, ಕತ್ತಲೆಯ ದಾರಿಯೇ ಗತಿ. ತೊಗರಿಯ ವಿಷಯವನ್ನೇ ನೋಡಬಹುದು. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿಯ ತೊಗರಿಗೆ ಮಾರುಕಟ್ಟೆಯಲ್ಲಿ ಎದುರಾಗುವುದು ಮ್ಯಾನ್ಮಾರ್ ಮತ್ತು ಮೊಜಾಂಬಿಕ್‌ಗಳಿಂದ ಬರುವ ತೊಗರಿ. ಮೊಜಾಂಬಿಕ್‌ನೊಡನೆ ಭಾರತ ಸರ್ಕಾರ 2016ರಲ್ಲಿ ಬೇಳೆಕಾಳುಗಳ ಆಮದಿಗೆ ಒಪ್ಪಂದ ಮಾಡಿಕೊಂಡಿತು. ಆ ವ್ಯಾಪಾರ ನಡೆಯುವುದು ಎರಡು ದೇಶಗಳ ಬ್ಯಾಂಕುಗಳ ನಡುವಣ ಸಾಲಪತ್ರಗಳ ಆಧಾರದ ಮೇಲೆ. ಆ ಕೊಂಡಿ ಕಡಿದರೆ ಕಲಬುರಗಿಯ ಬೆಳೆಗಾರನಿಗೆ ಒಂದು ವರ್ಷ ಒಳ್ಳೆಯ ಬೆಲೆ ಬಂದೀತು. ಮೊಜಾಂಬಿಕ್‌ನ ಬೆಳೆಗಾರನ ಕಾಳು ಮನೆಯಲ್ಲೇ ಕೊಳೆತೀತು. ಇವನ ಹೊಟ್ಟೆಯೂ ಅವನ ಹೊಟ್ಟೆಯೂ ಒಂದೇ ತೂಕದವು. ಆದ್ದರಿಂದ ನಿಯಂತ್ರಣದ ಗುರಿ ಹಣದ ಹರಿವನ್ನು ನಿಲ್ಲಿಸುವುದಲ್ಲ. ಹರಿಯುವ ಪ್ರತಿಯೊಂದು ಹಣದ ಹಿಂದೆ ಹೆಸರು ಹಿಡಿದು ಕರೆಯಬಹುದಾದ ಒಬ್ಬ ಹೊಣೆಗಾರನನ್ನು ನಿಲ್ಲಿಸುವುದು.

ಅಂಥ ಹೊಣೆಗಾರನನ್ನು ಹುಡುಕುವುದು ಎಷ್ಟು ಕಷ್ಟವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ವಾಡಿಯ ಎಸಿಸಿ ಸಿಮೆಂಟು ಕಾರ್ಖಾನೆಯ ಒಡೆತನ ಬಹುಕಾಲ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಸಮೂಹದ ಹಿಡಿತದಲ್ಲಿದ್ದು, 2022ರ ಸೆಪ್ಟೆಂಬರ್‌ನಲ್ಲಿ ಅಂಬುಜಾ ಸಿಮೆಂಟಿನೊಡನೆ ಅದಾನಿ ಸಮೂಹಕ್ಕೆ ಬಂತು. ಸುಮಾರು 650 ಕೋಟಿ ಡಾಲರುಗಳ ಆ ಖರೀದಿಗೆ ಹದಿನಾಲ್ಕು ಅಂತಾರಾಷ್ಟ್ರೀಯ ಬ್ಯಾಂಕುಗಳು 450 ಕೋಟಿ ಡಾಲರುಗಳ ಸಾಲದ ಏರ್ಪಾಡು ಮಾಡಿದ್ದವು. ಆ ಬ್ಯಾಂಕುಗಳಲ್ಲಿ ಪ್ರತಿಯೊಂದಕ್ಕೂ ತನ್ನ ತವರಿನಲ್ಲಿ ಒಬ್ಬ ಮೇಲ್ವಿಚಾರಕನಿದ್ದಾನೆ. ಅವನು ತನ್ನ ಬ್ಯಾಂಕಿನ ಸಾಲ ಮರಳಿ ಬರುತ್ತದೆಯೇ ಎಂದು ಮಾತ್ರ ನೋಡುತ್ತಾನೆ, ಅದು ಅವನ ಕೆಲಸ. ಆ ಸಾಲದ ಭಾರ ವಾಡಿಯ ಸುಣ್ಣಕಲ್ಲಿನ ಗಣಿಯ ಮೇಲೆ, ಅಲ್ಲಿಯ ಗುತ್ತಿಗೆ ಕಾರ್ಮಿಕನ ಕೂಲಿಯ ಮೇಲೆ, ಸುತ್ತಲಿನ ಹೊಲಗಳ ಮೇಲೆ ಹೇಗೆ ಬೀಳುತ್ತದೆ ಎಂದು ನೋಡುವ ಕೆಲಸವನ್ನು ಯಾವ ದೇಶದ ಯಾವ ಕಾಯಿದೆಯೂ ಆ ಹದಿನಾಲ್ಕು ಮೇಲ್ವಿಚಾರಕರಲ್ಲಿ ಒಬ್ಬನಿಗೂ ವಹಿಸಿಲ್ಲ.